ಸುಣ್ಣದ ಗೆರಿ ಸರಿಸಿದ ವರ್ಷ

ಬೀದರಿನ ನೌಬಾದದಾಗ ನಮ್ಮ ಮನಿ ಮಗ್ಗಲಿನ ಖಾಲಿ ಪ್ಲಾಟಿಗೆ ಮೊನ್ನೆ ಜೇಸಿಬಿ ಬಂದಿತ್ತು. ಯಾರೋ ಮನಿ ಕಟ್ಟಸ್ಲಕತ್ತ್ಯಾರ, ಪಾಯಾ ತೋಡಸ್ತಿದ್ರು. ನಾ ಮಾಳಗಿ ಮ್ಯಾಲ ಅರಿವಿ ಒಣಾ ಹಾಕ್ತಾ ನಿಂತಿದ್ದೆ. ಅಲ್ಲಿ ಹಳೇ ಗುಂಡಿ ಒಂದು ಇದ್ದಿರಬೇಕು, ಅದರ ಬಾಯಿ ತೆರೀತು ನೋಡ್ರಿ, ಬಂತು ವಾಸನಿ. ವರ್ಷಾನುಗಟ್ಲೆ ಗಾಳಿ ಕಾಣದ ಮಣ್ಣಿನ ವಾಸನಿ, ಹುಳಿ ಹುಳಿ, ಮುಗ್ಗಲು. ಕೈಯಾಗಿನ ಹಸಿ ಸೀರಿ ಹಿಡಕೊಂಡು ಅಲ್ಲೇ ಕೂತುಬಿಟ್ಟೆ. ನಮ್ಮವರು ಬಂದು, "ಯಾಕ, ಬಿ.ಪಿ. ಏರ್ತೇನು?" ಅಂತ ಕೇಳಿದ್ರು. ಏನಿಲ್ಲ ಅಂದೆ. ಇಷ್ಟು ವರ್ಷ ಸಂಸಾರ ಮಾಡಿದ ಮನಷ್ಯಾನ ಮುಂದೂ ಆ ವಾಸನಿ ಬಗ್ಗಿ ನಾ ಬಾಯಿ ಬಿಟ್ಟಿಲ್ಲ. ಹೇಳಬೇಕಾದದ್ದು ಹೇಳಬೇಕಾದ ಹೊತ್ತಿಗೆ ಹೇಳೂದು ನನಗ ಬರಂಗಿಲ್ಲ. ಒಂದು ವರ್ಷ ಅದರಿಂದಾನೇ ಏನಾತು ಅಂತ ಈಗರೆ ಬರೀತೇನಿ.

ನಾ ಭಾಲ್ಕಿಯಾಕಿ. ನಮ್ಮಪ್ಪ ರೇಲ್ವೆ ಸ್ಟೇಷನ್ನಿನ್ಯಾಗ ದುಡದು ಐದೂ ಮಕ್ಕಳಿಗೆ ಓದಿಸಿದವರು. ನಮ್ಮ ಮನ್ಯಾಗ ಬುದ್ಧನ ಫೋಟೋ ಮುಂದ ದೀಪಾ ಹಚ್ಚಿದ ಮ್ಯಾಲ ಎರಡನೇ ನಮಸ್ಕಾರ ಪುಸ್ತಕದ ಚೀಲಕ್ಕ. ಹಂಗ ಬೆಳದ ನನಗ ಔರಾದ ತಾಲೂಕಿನ ಒಂದು ಊರಿಗೆ ಹೆಡ್ ಮೇಡಂ ಅಂತ ಆರ್ಡರ್ ಬಂತು. ಎಕಂಬಾ ದಾಟಿ ಹೋಗಬೇಕು. ಊರಿನ ಹೆಸರು ಬರ್ಯೂದಿಲ್ಲ, ಅಲ್ಲಿ ಮಂದಿ ಇನ್ನೂ ಬಾಳೇ ಮಾಡ್ಲಕತ್ತ್ಯಾರ. ಔರಾದದಾಗ ಒಂದು ಖೋಲಿ ಬಾಡಿಗಿ ಹಿಡದು, ದಿನಾ ಮುಂಜಾನಿ ಬಸ್ಸಿಗೆ ಹೋಗೂದು, ಶನಿವಾರ ಭಾಲ್ಕಿಗೆ ಬರೂದು, ಹಂಗ ನಡದಿತ್ತು.

ಆ ಸಾಲಿಗೆ ಒಂದರಿಂದ ಐದನೇ ಕ್ಲಾಸಿನ ತನಕ ಐದು ಇಯತ್ತೆ, ಮೂರು ಖೋಲಿ. ಮೂರರಾಗ ಒಂದರ ಛತ್ತು ಉದುರಿ ಒಳಗಿನ ಸಲಾಕಿ ಕಾಣ್ತಿದ್ವು. ಮಳಿ ಬಂದ್ರ ನಾಲ್ಕನೇತ್ತಾ ಐದನೇತ್ತಾ ಮಕ್ಕಳು ಪಡಸಾಲ್ಯಾಗ ಪಾಟಿಚೀಲ ತಲಿ ಮ್ಯಾಲ ಇಟ್ಕೊಂಡು ಕೂಡ್ತಿದ್ವು. ಹೊಸಾ ಖೋಲಿ ಕೊಡ್ರಿ ಅಂತ ಅರ್ಜಿ ಬರದು ಬರದು ನನ್ನ ಕೈ ಸೋತಿತ್ತು. ಸಾಲಿಗೆ ಏನು ಬೇಕು ಅಂತ ಕೇಳೂದು ಪಾಲಕರ ಸಮಿತಿ, ಎಸ್ಡಿಎಂಸಿ ಅಂತೀವಲ್ಲ, ಅದು. ಅದರ ಅಧ್ಯಕ್ಷ ವೈಜಿನಾಥ, ತೊಗರಿ ಬೆಳ್ಯೂ ಒಕ್ಕಲಿಗ, ದನಿ ಊರಾಚೆ ಕೇಳ್ತದ. ಜಾಗಾ ಕೊಡೂದು, ಕೆಲಸಾ ಮಾಡಸೂದು ಗ್ರಾಮ ಪಂಚಾಯತಿ. ಅದರ ಅಧ್ಯಕ್ಷ ಮಾಧವರಾವ, ಮೆತ್ತಗ ಮಾತಾಡ್ತಾನ, ಆದ್ರ ಹಿಡದದ್ದು ಬಿಡಂಗಿಲ್ಲ. ಇಬ್ಬರಿಗೂ ಒಬ್ಬರ ಮಾರಿ ಒಬ್ಬರು ನೋಡಬಾರದಂಥಾ ಜಗಳ. ಅಂವ ಎಡಕ್ಕಂದ್ರ ಇಂವ ಬಲಕ್ಕ.

ಆ ವರ್ಷ ಮ್ಯಾಲಿಂದ ಹುಕುಂ ಬಂತು. ಪಂಚಾಯತಿಯವರು, ಸಾಲಿ ಸಮಿತಿಯವರು ಕೂಡಿ ಕೂತು ಯೋಜನಿ ಮಾಡಬೇಕು, ಠರಾವಿನ ಮ್ಯಾಲ ಇಬ್ಬರದೂ ಸಹಿ ಇರಬೇಕು, ಇಲ್ಲಂದ್ರ ಖೋಲಿ ಬ್ಯಾರೆ ಊರಿಗೆ ಹೋಗ್ತಾವ. ನಾ ಇಬ್ಬರ ಮನಿಗೂ ಹೋಗಿ ಚಾ ಕುಡದು, ಕೈ ಮುಗದು, ಬೈದು, ಕಡಿಗಿ ಒಂದು ಕಡಿ ಕೂಡಸಿದೆ. ಊರ ಮುಂದಿನ ಬಯಲಿನ್ಯಾಗ, ಸಾಲಿಗೆ ಹತ್ತಿಕೊಂಡು, ಎರಡು ಖೋಲಿ ಕಟ್ಟೂದು ಅಂತ ಅರ್ಧಾ ತಾಸಿನ್ಯಾಗ ಒಪ್ಪಿದ್ರು. ನನಗ ಆಶ್ಚರ್ಯ ಆತು.

ಮರುದಿನ ಇಂಜಿನಿಯರು ಬಂದ್ರು. ಎರಡೂ ಕಡಿ ಮಂದಿ ಬಂದ್ರು. ಟೇಪ್ ಹಿಡದು ಸುಣ್ಣದ ಪುಡಿಲೆ ಗೆರಿ ಹಾಕಿದ್ರು. ಗೆರಿ ಮುಗೀತಿದ್ದಂಗ ವೈಜಿನಾಥ, "ಸಾಹೇಬ್ರ, ಜರಾ ಈಚೀಗಿ ತಗೋರಿ, ಹತ್ತ ಫೂಟ" ಅಂದ.

"ಯಾಕರಿ?"

"ಬೇವಿನ ಗಿಡದ ಬೇರು ಬರ್ತಾವರಿ ನಾಳಿ."

ಸರಿಸಿದ್ರು. ಮಾಧವರಾವ ಒಂದು ಸುತ್ತು ಹಾಕಿ ಬಂದು, "ಇಲ್ಲಿ ಬ್ಯಾಡ್ರಿ, ಮಧ್ಯಾಹ್ನ ಮಕ್ಕಳಿಗೆ ಬಿಸಲು ಹೊಡೀತದ, ಮೂಡಣಕ್ಕ ತಗೋರಿ" ಅಂದ. ತಗೊಂಡ್ರು. ಅಲ್ಲಿ ಇನ್ನೊಬ್ಬ ಮೆಂಬರ್‌ಗ ವಾಸ್ತು ಅಡ್ಡ ಬಂತು. ಮುಂದ ಹೋದ್ರ ಮತ್ತೊಬ್ಬಗ ಬಂಡಿ ಹೋಗೂ ದಾರಿ ನೆನಪಾತು. ಬಯಲೆಲ್ಲಾ ಬೆಳ್ಳಗಾತು. ನನ್ನ ಸಹನಿ ಮುಗದು, "ಖೋಲಿ ಏನು ಕುರಿ ಹಿಂಡೇನ್ರಿ, ಹೊಡಕೊಂಡು ಹೊಂಟೀರಿ?" ಅಂದೆ. ಎಲ್ಲರೂ ನಕ್ಕರು. ಆದ್ರ ಒಬ್ಬರ ಮಾರಿ ಒಬ್ಬರು ನೋಡಲಿಲ್ಲ. ಅದು ನನ್ನ ಕಣ್ಣಿಗೆ ಬಿದ್ದಿತ್ತು, ತಲಿಗೆ ಹತ್ತಲಿಲ್ಲ. ಕಡಿಗಿ ಗೆರಿ ಬಯಲಿನ ಕೊನಿಗೆ, ರಾತ್ರಿ ಕುರಿ ತರಬಿ ಮಲಗಸೂ ಜಾಗಾದ ಹತ್ರ ಬಂದು ನಿಂತಿತು. ಅಲ್ಲಿ ಯಾರೂ ಬ್ಯಾಡ ಅನಲಿಲ್ಲ. ವೈಜಿನಾಥ, ಮಾಧವರಾವ ಇಬ್ಬರೂ ಒಂದೇ ಪೆನ್ನಿಲೆ ಸಹಿ ಮಾಡಿದ್ರು, ನಾನೂ ಮಾಡಿದೆ.

ಎರಡು ದಿನ ಬಿಟ್ಟು, ಸಾಲಿ ಬಿಟ್ಟ ಮ್ಯಾಲ, ಬಸ್ಸಿಗೆ ನಿಂತಾಗ ತುಳಜಾಬಾಯಿ ಬಂದ್ಲು. ಕುರಿ ಕಾಯೂ ಮನಿತನದ ಮುದುಕಿ. ಆಕಿ ಮಮ್ಮಗಳು ಲಕ್ಷ್ಮಿ ನಮ್ಮಲ್ಲಿ ಮೂರನೇತ್ತಾ ಓದ್ತಿದ್ಲು, ಇಡೀ ಸಾಲ್ಯಾಗ ಆಕಿಯಷ್ಟು ಚಲೋ ಕನ್ನಡ ಓದೂ ಹುಡುಗಿ ಇನ್ನೊಂದಿರಲಿಲ್ಲ. ಮುದುಕಿ ಆಚೆ ಈಚೆ ನೋಡಿ, "ಮೇಡಂಬಾಯಿ, ಅಲ್ಲಿ ಸಾಲಿ ಕಟ್ಟಬ್ಯಾಡ್ರಿ" ಅಂದ್ಲು.

"ಯಾಕ ಆಯಿ, ಕುರಿ ತರಬಲಕ ಜಾಗಾ ಹೋಗ್ತದಂತೇನು?"

"ಕುರಿ ಎಲ್ಲೆರೆ ಮಲಗ್ತಾವರಿ. ಆ ಬಿಳೇ ಗೆರಿ ನಡುವ ನಮ್ಮ ಹಗೇವು ಅದ."

ಹಗೇವು ಕಾಣದವರಿಗೆ ಹೇಳ್ತೇನಿ. ಮುರುಮ ನೆಲದಾಗ ಕೊಡದ ಆಕಾರದ ಗುಂಡಿ ತೋಡಿ, ಒಳಗ ಕಣಕಿ ಹಾಸಿ, ಜ್ವಾಳ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮುಚ್ಚಿಬಿಡೂದು. ಬಾಯಿ ಒಬ್ಬ ಮನಷ್ಯಾ ಇಳ್ಯೂವಷ್ಟು, ಹೊಟ್ಟಿ ಒಂದು ಖೋಲಿಯಷ್ಟು. ಮ್ಯಾಲ ನಿಂತವರಿಗೆ ಏನೂ ತಿಳ್ಯೂದಿಲ್ಲ. ಲೆವಿ ಜ್ವಾಳ ವಸೂಲಿಗೆ ಸರ್ಕಾರದ ಮಂದಿ ಮನಿ ಮನಿ ಹುಡುಕೂ ಕಾಲದಾಗ ಹೊಟ್ಟಿ ಉಳಿಸಿದ್ದೇ ಇವು. ಅದಕ್ಕ ಹಗೇವಿನ ಜಾಗಾ ಮನಿ ಹೊರಗ ಹೇಳೂ ಪದ್ಧತಿ ಇರಲಿಲ್ಲ. ಅತ್ತಿ ಸೊಸಿಗೆ ತೋರಸ್ತಿದ್ಲು, ಅಪ್ಪ ಮಗನಿಗೆ. ಮಗ್ಗಲ ಮನಿಯವರಿಗೂ ಗೊತ್ತಿರಬಾರದು.

"ನಮ್ಮ ಮಾವ ಜ್ವಾಳ ತೆಗೀಲಕ ಇಳದಿದ್ದಾರಿ" ಅಂದ್ಲು ತುಳಜಾಬಾಯಿ. "ಮದಲ ಕಂದೀಲ ಇಳಿಸಿ ನೋಡಬೇಕ್ರಿ, ಕಂದೀಲ ಆರಿದ್ರ ಮನಷ್ಯಾ ಇಳೀಬಾರದು. ಅವತ್ತ ನೋಡಲಿಲ್ಲ. ಒಳಗಿನ ಗಾಳಿ ಬಡದು ಅಲ್ಲೇ ಬಿದ್ದ. ಹೆಣ ತೆಗದು ಚಪ್ಪಡಿ ಮುಚ್ಚಿದವರು ಮತ್ತ ತೆರದಿಲ್ಲ. ಅರ್ಧಾ ಖಾಲಿ ಅದರಿ ಅದು."

"ಗೆರಿ ಹಾಕುವಾಗ ಬಂದು ಹೇಳಬೇಕಿಲ್ಲೇನು?"

"ನನಗ್ಯಾರು ಕರದಾರ್ರಿ?" ಅಂದ್ಲು. ಸಿಟ್ಟಿಲ್ಲ, ಏನಿಲ್ಲ, ಕೇಳಿದ್ದಷ್ಟೇ. "ಲಕ್ಷ್ಮಿ ಬರೂ ವರ್ಷ ಅಲ್ಲೇ ಕೂಡ್ತಾಳ. ಅದಕ್ಕ ನಿಮ್ಮ ಕಿವಿಗೆ ಹಾಕ್ದೆ. ನನ್ನ ಹೆಸರ ಮಾತ್ರ ತೆಗೀಬ್ಯಾಡ್ರಿ. ಈ ಮುದುಕಿಯಿಂದ ಸಾಲಿ ಹೋತು ಅಂತಾರ ಊರಮಂದಿ."

ಬಸ್ಸು ಬಂತು. ಹತ್ತಿದೆ. ಔರಾದ ತನಕ ಒಂದೇ ಲೆಕ್ಕಾಚಾರ. ಠರಾವು ತಾಲೂಕಿಗೆ ಹೋಗ್ಯಾದ. ಜಾಗಾ ಬದಲಿ ಅಂದ್ರ ಮತ್ತ ಸಭಾ, ಮತ್ತ ಜಗಳ, ಮತ್ತ ಸಹಿ. ಅಷ್ಟರಾಗ ಮಾರ್ಚ್ ಮುಗೀತದ, ಖೋಲಿ ಬ್ಯಾರೆ ಊರಿನ ಪಾಲಾಗ್ತಾವ, ನಮ್ಮ ಮಕ್ಕಳು ಆ ಉದುರೂ ಛತ್ತಿನ ಕೆಳಗೇ. ಎರಡೂ ಕಡಿ ಸಾವೇ ಕಾಣ್ತಿತ್ತು ನನಗ, ಆದ್ರ ಒಂದು ಕಣ್ಣಿಗೆ ಕಾಣೂದು, ಇನ್ನೊಂದು ಮುದುಕಿ ಬಾಯಿಮಾತಿಂದು. ನಾ ಬಾಯಿಮಾತಿಂದು ಬಿಟ್ಟೆ. ಇಂಜಿನಿಯರ್‌ಗೆ ಮಾತ್ರ, "ನೆಲ ಗಟ್ಟಿ ಅದನೋ ನೋಡ್ರಿ ಸರ್" ಅಂದೆ. "ಪಾಯಾ ತೋಡಿದಾಗ ತಿಳೀತದರಿ ಮೇಡಂ" ಅಂದ್ರು.

ಪಾಯಾ ತೋಡಿದ ಮೂರೂ ದಿನ ನಾ ಪಾಠ ಬಿಟ್ಟು ಅಲ್ಲೇ ನಿಂತಿದ್ದೆ. ಗುದ್ದಲಿ ಬಿದ್ದಲ್ಲೆಲ್ಲಾ ಗಟ್ಟಿ ಮುರುಮ. ಪಾಯಾ ಗ್ವಾಡಿಗುಂಟ ಸುತ್ತೂ ಹೋಗ್ತದ, ನಡುವಿನ ನೆಲಾ ಯಾರು ತೋಡ್ತಾರ? ಅದು ನನಗ ಗೊತ್ತಿತ್ತು. ಗೊತ್ತಿದ್ದೂ, ಏನೂ ಸಿಗಲಿಲ್ಲ ಅಂತ ಖುಷಿ ಆತು. ಸುಳ್ಳ್ಯಾಕ ಬರೀಲಿ, ಅವತ್ತ ಎಲ್ಲರಿಗೂ ನಾನೇ ಚಾ ತರಿಸಿದೆ. ನಡುವ ಮುರುಮ ತುಂಬಿ, ಕುಟ್ಟಿ ದಮ್ಮಸ್ ಮಾಡಿ, ತೆಳ್ಳಗ ಕಾಂಕ್ರೀಟ್ ಹಾಕಿ ಮ್ಯಾಲ ಫರಸಿ ಕಲ್ಲು ಕೂಡಸಿದ್ರು. ಜೂನಿನ್ಯಾಗ ಹೂವಿನ ಮಾಲಿ ಕಟ್ಟಿ, ರಿಬ್ಬನ್ ಕತ್ತರಿಸಿ, ಇಬ್ಬರೂ ಅಧ್ಯಕ್ಷರು ಒಬ್ಬರ ಹೆಗಲ ಮ್ಯಾಲ ಒಬ್ಬರು ಕೈ ಹಾಕಿ ಫೋಟೋ ತೆಗಿಸಿಕೊಂಡ್ರು. ತುಳಜಾಬಾಯಿ ದೂರ ನಿಂತಿದ್ಲು. ನಾ ಆ ಕಡಿ ನೋಡಲಿಲ್ಲ.

ಆ ವರ್ಷದ ಮಳಿ ಸುಮ್ಮನ ಬರೂ ಮಳಿ ಅಲ್ಲ. ಮುಂಜಾನಿ ಹಿಡದದ್ದು ಸಂಜೀತನಕ ಬಿಡ್ತಿರಲಿಲ್ಲ, ಬಯಲಿನ ಮ್ಯಾಲ ನೀರು ನಿಂತು ಸೋಯಾ ಹೊಲದ ತನಕ ಹೊಳೀತಿತ್ತು. ಆದ್ರ ಬಯಲಿನ್ಯಾಗ ಅಲ್ಲೊಂದು ಇಲ್ಲೊಂದು ಕಡಿ ನೀರು ನಿಲ್ತಿರಲಿಲ್ಲ. ಎಷ್ಟು ಸುರದ್ರೂ ಅಲ್ಲಿ ನೆಲಾ ನೀರು ಕುಡೀತಿತ್ತು. ಕಟ್ಟಿ ಮ್ಯಾಲ ನಿಂತು ಅದನ್ನ ನೋಡ್ತಿದ್ದೆ, ನೋಡಿ ಒಳಗ ಹೋಗ್ತಿದ್ದೆ.

ಎರಡು ಹೊಸಾ ಖೋಲಿ ಪೈಕಿ ನಾಲ್ಕನೇತ್ತಾದವರು ಕೂಡೂ ಖೋಲ್ಯಾಗ ಮದಲ ವಾಸನಿ ಬಂತು. "ಮೇಡಂ, ಹುಳಿ ಅಂಬಲಿ ವಾಸನಿ ಬರ್ತದರಿ" ಅಂದ ಮಕ್ಕಳಿಗೆ, ಯಾರದೋ ಬುತ್ತಿ ಹಳಸ್ಯಾದ ಅಂದೆ. ಆಮ್ಯಾಲ ನೆಲಾ ಒರಸಿದ ನೀರು ತಾನ ನಡುವಕ್ಕ ಸರೀಲಕತ್ತಿತು. ಬೋರ್ಡಿಗೆ ಬರ್ಯೂ ಖಡು ಬಿದ್ರ ಉರುಳಿ ನಡುವಕ್ಕ. ಒಂದಿನ ಎಲ್ಲರೂ ಊಟಕ್ಕ ಹೋದಾಗ ಬಾಗಿಲು ಮುಚ್ಚಿ, ಮಂಡಿಗಾಲ ಹಾಕಿ, ಬೆರಳ ಗಣ್ಣಿಲೆ ಫರಸಿ ಬಡದೆ. ಗ್ವಾಡಿ ಹತ್ರ ಒಂದು ಸಪ್ಪಳ, ನಡುವ ಇನ್ನೊಂದು. ಕೆಳಗ ಪೊಳ್ಳು.

ಬೀಗಾ ಹಾಕಬೇಕಿತ್ತು. ಹಾಕಿದ್ರ ಯಾಕ ಅಂತ ಕೇಳ್ತಾರ, ಕೇಳಿದ್ರ ಯಾವಾಗಿಂದ ಗೊತ್ತದ ಅಂತಾರ. ಅದಕ್ಕ ನಾ ಏನು ಮಾಡಿದೆ ಗೊತ್ತೇನ್ರಿ? ಮಕ್ಕಳಿಗೆ ಗ್ವಾಡಿಗುಂಟ ಸುತ್ತೂ ಕೂಡಸಿದೆ. ನಡುವ ಯಾರೂ ಕಾಲಿಡಬಾರದು, ಇಟ್ಟವರು ದಿನಾ ನಾಲ್ಕು ಮಗ್ಗಿ ಬರೀಬೇಕು. ಮಕ್ಕಳು ಆಟದಂಗ ಒಪ್ಪಿಕೊಂಡ್ವು. ತಪಾಸಣಿಗೆ ಬಂದ ಸಾಹೇಬ್ರು ನೋಡಿ, "ಬಹಳ ಚೆನ್ನಾಗಿದೆ ಮೇಡಂ, ಎಲ್ಲಾ ಮಕ್ಕಳೂ ಮೊದಲನೇ ಸಾಲಿನವರೇ!" ಅಂದು ಪುಸ್ತಕದಾಗ ಬರದು ಹೋದ್ರು. ನಾಚಿಕಿ ಬರಬೇಕಿತ್ತು. ಬರಲಿಲ್ಲ, ಉಳಕೊಂಡೆ ಅನಿಸ್ತು.

ಆ ಸಾಹೇಬ್ರ ಮಾತಿನಿಂದಾನೇ ಬೀದರಿಗೆ ಕರಿ ಬಂತು. ಪಂಚಾಯತಿ, ಸಾಲಿ ಸಮಿತಿ ಕೂಡಿ ಹ್ಯಾಂಗ ಯೋಜನಿ ಮಾಡ್ಯಾರ ಅಂತ ಬ್ಯಾರೆ ಹೆಡ್ ಮಾಸ್ತರಗಳ ಮುಂದ ಹೇಳಬೇಕು. ಅವತ್ತ ಬೀದರಿನ್ಯಾಗೂ ಮಳಿ. ದೊಡ್ಡ ಹಾಲಿನ್ಯಾಗ ಪರದಾ ಮ್ಯಾಲ ನಮ್ಮ ರಿಬ್ಬನ್ನಿನ ಫೋಟೋ ಹಾಕಿದ್ರು. ಮಾತಾಡಿದೆ, ಚಪ್ಪಾಳಿ ಬಿತ್ತು. ಮುಂದಿನ ಸಾಲಿನ್ಯಾಗ ಕೂತ ಅಧಿಕಾರಿ ಒಬ್ಬರು, "ಒಳ್ಳೇ ಕೆಲಸ. ಜಾಗ ಹೇಗೆ ಆಯ್ಕೆ ಮಾಡಿದ್ರಿ?" ಅಂತ ಕೇಳಿದ್ರು.

ಜಾಗಾ ಅನ್ನೂ ಮಾತಿಗೆ ಆ ಖೋಲಿ ನನ್ನ ಕಣ್ಣ ಮುಂದ ಬಂತು. ಅವತ್ತ ನನ್ನ ಬದಲಿ ಆ ಖೋಲ್ಯಾಗ ಇದ್ದಾಕಿ ಸವಿತಾ, ಬಂದು ಎಂಟು ದಿನ ಆಗಿದ್ದ ಅತಿಥಿ ಶಿಕ್ಷಕಿ. ಆಕಿಗೆ ನಾ ಏನೂ ಹೇಳಿದ್ದಿಲ್ಲ. ಯಾರಿಗೂ ಹೇಳಿದ್ದಿಲ್ಲ.

ಚೀಲ ತಗೊಂಡು ಎದ್ದು ಬಂದುಬಿಟ್ಟೆ. ಫೋನ್ ಹಚ್ಚಿದ್ರ ಹತ್ತವಲ್ದು, ಮಳ್ಯಾಗ ಆ ಊರಿನ್ಯಾಗ ನೆಟ್ವರ್ಕ್ ಯಾವತ್ತೂ ಇರಂಗಿಲ್ಲ. ಔರಾದ ಬಸ್ಸು ಹತ್ತಿದೆ. ಮಾಂಜ್ರಾ ಸೇತುವಿ ಮ್ಯಾಲ ಡ್ರೈವರ್ ನಿಧಾನ ಮಾಡ್ದ, ಕೆಳಗ ಕೆಂಪು ನೀರು ದಂಡಿ ಮೀರಿ ಹೊಂಟಿತ್ತು. "ಜರಾ ಹೊಡೀರಿ ಅಣ್ಣಾ" ಅಂತ ನಾ ಒದರಿದೆ. "ಜೀವಾ ಬ್ಯಾಡಾಗ್ಯಾದೇನ್ರಿ ಅಕ್ಕಾ?" ಅಂದ. ಸಂತಪುರದಾಗ ಹತ್ತು ನಿಮಿಷ ನಿಂತಿತು. ಆ ಹತ್ತು ನಿಮಿಷದಾಗ ನಾ ಅತ್ತದ್ದು ನನಗೇ ತಿಳೀಲಿಲ್ಲ, ಮಗ್ಗಲ ಕೂತಾಕಿ ಸೆರಗು ಕೊಟ್ಟಾಗ ತಿಳೀತು. ಔರಾದದಿಂದ ಟಂಟಂ ಹಿಡದು ಊರು ಮುಟ್ಟುವಾಗ ಮೂರೂವರಿ.

ಖೋಲಿ ನಿಂತಿತ್ತು. ಬಾಗಿಲಿಗೆ ಬಂದು ನೋಡಿದ್ರ, ಮೂವತ್ತು ಮಕ್ಕಳು ನಟ್ಟ ನಡುವ ಸಾಲು ಹಿಡದು ಕೂತು ಮಗ್ಗಿ ಹೇಳ್ಲಕತ್ತಿದ್ವು. ಸವಿತಾ ಎದ್ದು, "ಕಿಡಕಿಯಿಂದ ಮಳಿ ಸಿಡೀತದರಿ ಮೇಡಂ, ಅದಕ್ಕ ನಡುವ ಕೂಡಸೇನಿ" ಅಂದ್ಲು. ಆಕಿ ತಪ್ಪೇನದ?

"ಯಾರೂ ಓಡಬ್ಯಾಡ್ರಿ" ಅಂದೆ. ನನ್ನ ದನಿ ನನಗೇ ಬ್ಯಾರೆ ಕೇಳಸ್ತು. "ಒಬ್ಬೊಬ್ಬರೇ ಏಳ್ರಿ. ಗ್ವಾಡಿ ಹಿಡದು ಬರ್ರಿ. ಚೀಲಾ ಬಿಡ್ರಿ." ಕೆಲವು ನಕ್ಕವು. ಮೂವತ್ತನೇದ್ದು ಹೊರಗ ಬರೂತನಕ ನಾ ಒಂದೊಂದೇ ತಲಿ ಎಣಿಸಿದೆ.

ಹೇಳಿ ಕಳಿಸಿದೆ. ವೈಜಿನಾಥ ಬಂದ, ಮಾಧವರಾವ ಬಂದ, ಅವರ ಹಿಂದ ಅರ್ಧಾ ಊರು ಬಂತು. ಈ ಖೋಲಿ ಕೆಳಗ ಹಗೇವು ಅದ ಅಂದೆ.

"ಹ್ಯಾಂಗಿರ್ತದರಿ ಇಲ್ಲಿ?" ಅಂದ ವೈಜಿನಾಥ. "ನಮ್ಮದು ಅಲ್ಲಿ, ಬೇವಿನ ಗಿಡದ..." ಅಂದವ ಅಲ್ಲಿಗೇ ನಿಂತ.

ಮಾಧವರಾವ ಅವನ ಕಡಿ ತಿರುಗಿದ. "ನಿಮ್ಮದೂ ಅದೇನು ಈ ಬಯಲಿನ್ಯಾಗ?"

"ನಿಮ್ಮದೂ ಅಂದ್ರ?"

ಒಬ್ಬ ಹಾರಿ ತಂದ. ಬಾಗಿಲಿಂದ ಎರಡೇ ಹೆಜ್ಜಿ ಒಳಗ ಇಟ್ಟು, ಕೈ ಚಾಚಿ, ನಡುವಿನ ಒಂದು ಫರಸಿ ಎಬ್ಬಿಸಿ ಕೆಳಗ ಕುಟ್ಟಿದ. ಎರಡನೇ ಪೆಟ್ಟಿಗೆ ಹಾರಿ ಕೈಯಾಗಿಂದ ಜಾರಿ ಒಳಗ ಹೋತು. ಅದು ಬಿದ್ದ ಸಪ್ಪಳ ತಡಾ ಮಾಡಿ ಬಂತು. ಆಮ್ಯಾಲ ಆ ವಾಸನಿ. ಎಲ್ಲರೂ ಮೂಗಿಗೆ ಟಾವೆಲ್ ಹಿಡದು ಹಿಂದ ಸರದ್ರು.

"ಯಾರ್ಯಾರದು ಎಲ್ಲೆಲ್ಲಿ ಅವ, ಹೋಗಿ ಅದರ ಮಗ್ಗಲ ನಿಂದರ್ರಿ" ಅಂದೆ. ಮದಲ ವೈಜಿನಾಥ ಹೋಗಿ ಬೇವಿನ ಗಿಡದ ಹತ್ರ ನಿಂತ. ಮಾಧವರಾವ ಹಳೇ ಎರಡನೇ ಗೆರಿ ಹಾಕಿದ್ದ ಜಾಗಾಕ್ಕ ಹೋದ. ಒಬ್ಬೊಬ್ಬರೇ ಹೋಗಿ ಹೋಗಿ, ಹನ್ನೊಂದು ಮಂದಿ ಮಳ್ಯಾಗ ಬಯಲ ತುಂಬಾ ನಿಂತ್ರು. ಪ್ರತಿಯೊಬ್ಬನೂ ತನ್ನದೊಂದೇ ಅದ ಅಂತ ತಿಳಕೊಂಡವ. ತನ್ನದು ಬಿಟ್ಟು ಗೆರಿ ಆಚೆ ಸರಿಸ್ಯಾನ, ಸರಿಸಿ ಸರಿಸಿ ಯಾರ ಮನಿಯವರು ಸಭಾದಾಗ ಇದ್ದಿಲ್ಲೋ ಅವರ ಹಗೇವಿನ ಮ್ಯಾಲ ತಂದು ಇಟ್ಟಾರ. ಇಬ್ಬರು ನಿಂತ ಜಾಗಾದಾಗ ನಮ್ಮ ಮಕ್ಕಳು ದಿನಾ ಮುಂಜಾನಿ ಪ್ರಾರ್ಥನಾಕ್ಕ ನಿಲ್ತಿದ್ವು.

ತುಳಜಾಬಾಯಿ ನನ್ನ ಹಿಂದ ನಿಂತಿದ್ಲು. "ಊರು ಬಿಟ್ಟು ಹೋದವರ ಹಗೇವೂ ಅವ್ರಿ" ಅಂದ್ಲು. "ಅವನ್ನ ಯಾರು ತೋರಸ್ತಾರ?" ಆಗ ಆಕಿ ಕೈ ಹಿಡದು ನಿಂತಿದ್ದ ಲಕ್ಷ್ಮಿ, ಎಲ್ಲರಿಗೂ ಕೇಳೂವಂಗ, "ಮೇಡಂ, ಅದಕ್ಕೇ ನಮಗ ಗ್ವಾಡಿಗೆ ಕೂಡಸ್ತಿದ್ರೇನ್ರಿ?" ಅಂದ್ಲು.

ಹೌದು ಅಂದೆ. ಸವಿತಾ ಬಾಯಿ ಮ್ಯಾಲ ಕೈ ಇಟ್ಕೊಂಡ್ಲು. ತಾಯಂದಿರು ಮಕ್ಕಳಿಗೆ ತಬ್ಬಿಕೊಂಡು ನನ್ನ ಕಡಿ ನೋಡಿದ್ರು. ಒಬ್ಬಾಕಿ ಬೈದಿದ್ರ ಬದಕ್ತಿದ್ದೆ.

ಆಮ್ಯಾಲ ಮತ್ತ ಕೂಡಿ ಕೂತ್ರು, ಪಂಚಾಯತಿ, ಸಮಿತಿ, ಇಬ್ಬರೂ. ಅತಿ ಮಳಿಯಿಂದ ನೆಲ ಕುಸದದ ಅಂತ ಠರಾವು ಆತು. ಹಗೇವಿನ ಮಾತು ಅದರಾಗ ಇಲ್ಲ, ನನ್ನ ಮಾತೂ ಇಲ್ಲ. ನಾ ಮೂರನೇ ಸಹಿ ಮಾಡಿದೆ. ಹನ್ನೊಂದು ಹಗೇವು ಒಳಗ ಮುರುಮ ತುಂಬಿಸಿದ್ರು, ಖೋಲಿ ಕೆಳಗಿಂದೂ ತುಂಬಿಸಿದ್ರು. ಉಳದವು ಎಷ್ಟು, ಎಲ್ಲಿ ಅಂತ ಇವತ್ತಿಗೂ ಗೊತ್ತಿಲ್ಲ. ಬಯಲಿನ್ಯಾಗ ಮಕ್ಕಳು ಕಬಡ್ಡಿ ಆಡ್ತಾವ.

ಮೂರನೇ ದಿನ ತುಳಜಾಬಾಯಿ ಲಕ್ಷ್ಮೀನ ಕರಕೊಂಡು ಆಫೀಸಿಗೆ ಬಂದ್ಲು. "ಟಿ.ಸಿ. ಕೊಡ್ರಿ ಬಾಯಿ. ಭಾಲ್ಕ್ಯಾಗ ಮಗಳ ಮನಿ ಅದ, ಅಲ್ಲಿ ಓದ್ತಾಳ." ಬ್ಯಾಡ ಅನ್ನಲಕ ನನಗ ಯಾವ ಬಾಯಿ ಇತ್ತು? ಕುರ್ಚಿ ತೋರಿಸಿದೆ, ಕೂಡಲಿಲ್ಲ. ಹೆಸರು, ಹುಟ್ಟಿದ ತಾರೀಖು, ಇಯತ್ತೆ ಎಲ್ಲಾ ತುಂಬಿದೆ. ಸಾಲಿ ಬಿಡಲು ಕಾರಣ ಅಂತ ಒಂದು ಕಾಲಂ ಬಂತು.

"ಇಲ್ಲಿ ಏನು ಬರೀಲಿ ಆಯಿ?"

"ನಡದದ್ದು ಬರೀರಿ."

ನಾ 'ಪಾಲಕರ ಇಚ್ಛೆಯಂತೆ' ಅಂತ ಬರದು, ಸಹಿ ಮಾಡಿ, ಶಿಕ್ಕಾ ಒತ್ತಿ ಕೊಟ್ಟೆ. ಮುದುಕಿಗೆ ಓದಲಕ ಬರ್ತಿದ್ದಿಲ್ಲ. ಲಕ್ಷ್ಮಿ ಕಾಗದಾ ತಗೊಂಡು, ಬೆರಳಿಟ್ಟು, ಆ ಸಾಲು ಅಜ್ಜಿಗೆ ಜೋರಾಗಿ ಓದಿ ಹೇಳಿದ್ಲು. ನಾನೇ ಕಲಿಸಿದ ಓದು, ಒಂದು ಅಕ್ಷರಾನೂ ತಪ್ಪಲಿಲ್ಲ.